ಸಿಸ್ಟರ್ ಆರೋಗ್ಯಮೇರಿಗೆ ಹೇಳದೆ ಉಳಿದದ್ದು

ಜವಳಗಿರಿಯ ಕಾಡಂಚಿನ ಆ ಚಿಕ್ಕ ದವಾಖಾನೆಗೆ ಯಾರೇ ಬರಲಿ, ಸಿಸ್ಟರ್ ಆರೋಗ್ಯಮೇರಿ ಮೊದಲು ಕಾಯಿಲೆ ಕೇಳುತ್ತಿರಲಿಲ್ಲ, ಊಟ ಆಯಿತೇ ಎಂದು ಕೇಳುತ್ತಿದ್ದರು. ತೂತ್ತುಕುಡಿ ಕಡೆಯವರಾದರೂ ಮುದ್ದೆ ಕಟ್ಟುವುದನ್ನು ಊರ ಹೆಂಗಸರಿಗಿಂತ ಚೆನ್ನಾಗಿ ಕಲಿತಿದ್ದರು. ಭದ್ರಮ್ಮನ ಗಂಡನನ್ನು ಆನೆ ತುಳಿದು ಕೊಂದ ವರ್ಷ, ಅವಳನ್ನೂ ಮೂರು ತಿಂಗಳ ಕೂಸು ಸುಷ್ಮಾಳನ್ನೂ ಕರೆತಂದು, ರಾಗಿ ಕೊಯ್ಲಿನ ತನಕ ತಮ್ಮ ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಇಟ್ಟುಕೊಂಡಿದ್ದರು.

ಅಂಥವರ ಮೇಲಿನ ದೂರಿಗೆ ಭದ್ರಮ್ಮ ಹೆಬ್ಬೆಟ್ಟು ಒತ್ತಿದಳು.

ಸುಷ್ಮಾ ಶಾಲೆಗೆ ಸೇರುವ ಹೊತ್ತಿಗೆ ಊರ ರಸ್ತೆ ಅಗಲವಾಗಿ, ದವಾಖಾನೆಯ ಜಾಗದ ಮೇಲೆ ಅವಳ ಭಾವ, ಗಂಡನ ಅಣ್ಣ ಲಕ್ಷ್ಮಣಪ್ಪನ ಕಣ್ಣು ಬಿದ್ದಿತ್ತು. ಅದು ಅವನ ಅಪ್ಪ ದವಾಖಾನೆಗೆಂದು ಬಾಯಿಮಾತಿನಲ್ಲಿ ಕೊಟ್ಟ ಜಾಗ. ಅವಧಿ ಮುಗಿದ ಔಷಧಿ ಕುಡಿದು ಸುಷ್ಮಾ ಸಾಯುವಂತಾಗಿದ್ದಳು ಎಂದು ದೂರು ಬರೆಸಿ ತಂದ. ಒತ್ತದಿದ್ದರೆ ಗಂಡನ ಪಾಲಿನ ಹೊಲಕ್ಕೆ ಕಾಲಿಡಲು ಬಿಡುವುದಿಲ್ಲ ಎಂದ. ಸುಷ್ಮಾಳಿಗೆ ಏನೂ ಆಗಿರಲಿಲ್ಲ. ಊರಿನ ಇನ್ನೂ ಕೆಲವರು ಅದಕ್ಕೆ ಸಹಿ ಹಾಕಿದರು. ತಿಂಗಳೊಳಗೆ ದವಾಖಾನೆಗೆ ಬೀಗ ಬಿತ್ತು. ಸಿಸ್ಟರನ್ನು ಅವರ ಮೇಲಿನವರು ಕೃಷ್ಣಗಿರಿಯ ಸನ್ಯಾಸಿನಿಯರ ಕಾನ್ವೆಂಟಿಗೆ ಕಳಿಸಿದರು. ಅಲ್ಲಿ ರೋಗಿಗಳನ್ನು ಮುಟ್ಟುವ ಕೆಲಸ ಕೊಡಲಿಲ್ಲ.

ಎರಡು ವರ್ಷ ಕಳೆದು, ತಪ್ಪೊಪ್ಪಿಕೊಳ್ಳಲು ಭದ್ರಮ್ಮ ಅಲ್ಲಿಗೆ ಹೋದಳು. ಸಿಸ್ಟರ್ ಸೊರಗಿಹೋಗಿದ್ದರು. ಕೂರಿಸಿ ತಟ್ಟೆ ಇಟ್ಟರು.

"ಸಿಸ್ಟರ್, ಆ ಅರ್ಜಿ..."

"ಉಣ್ಣಮ್ಮ ಮೊದ್ಲು. ಸುಷ್ಮಾ ಎಷ್ಟನೇ ಕ್ಲಾಸು?"

ಬಸ್ಸು ಹತ್ತಿಸುವ ತನಕ ಆ ಮಾತಿಗೆ ಎಡೆಯನ್ನೇ ಕೊಡಲಿಲ್ಲ. ಕ್ಷಮಿಸಿದರೋ, ಕೇಳುವ ಶಕ್ತಿಯಿಲ್ಲದೆ ಬಾಯಿ ಮುಚ್ಚಿಸಿದರೋ, ಭದ್ರಮ್ಮನಿಗೆ ತಿಳಿಯಲಿಲ್ಲ. ಆಷಾಢದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಊರಲ್ಲಿ ಶ್ರದ್ಧಾಂಜಲಿ ಸಭೆ ಮಾಡಿಸಿದವನು ಲಕ್ಷ್ಮಣಪ್ಪನೇ. ದವಾಖಾನೆ ಕೆಡವಿ ಕಟ್ಟಿದ ಅವನ ಮಳಿಗೆಗಳ ಮುಂದೆ ಶಾಮಿಯಾನ ಹಾಕಿತ್ತು. ನಮ್ಮೂರ ಅನ್ನಪೂರ್ಣೆ ಎಂದು ಮೈಕಿನಲ್ಲಿ ಗದ್ಗದಿತನಾದ. ದೂರಿಗೆ ಸಹಿ ಹಾಕಿದ್ದವರೂ ತಲೆದೂಗಿದರು. ಭದ್ರಮ್ಮನಿಗೆ ತಡೆಯಲಾಗಲಿಲ್ಲ, ಎದ್ದು ನಿಂತಳು.

"ಆಯಮ್ಮನ ಔಸ್ದಿಯಿಂದ ನನ್ ಮಗೀಗೆ ಏನೂ ಆಗಿರ್ಲಿಲ್ಲ. ಸುಳ್ಳಿಗೆ ಹೆಬ್ಬೆಟ್ಟು ಒತ್ತಿದ್ದು ನಾನು. ಒತ್ತಿಸ್ದೋನು ಈ ನಮ್ ಭಾವ."

ಲಕ್ಷ್ಮಣಪ್ಪ ಮೈಕು ಬಿಡಲಿಲ್ಲ. "ಪಾಪ, ದುಃಖದಾಗೆ ಏನೇನೋ ಅಂತಾವ್ಳೆ. ಕೂರುಸ್ರಮ್ಮ."

ಇಬ್ಬರು ಹೆಂಗಸರು ತೋಳು ಹಿಡಿದು ಕೂರಿಸಿದರು. ಅವರಲ್ಲೊಬ್ಬಳು ನೆರೆಮನೆಯ ಮುನಿಗಂಗಮ್ಮ, ನಿಜವೆಲ್ಲ ಬಲ್ಲವಳು. ಸತ್ತೋರು ಎದ್ದು ಬರ್ತಾರೇನೇ, ನಿನ್ನ ಹೊಟ್ಟೆಪಾಡು ನೋಡ್ಕೊ ಎಂದು ಕಿವಿಯಲ್ಲಿ ಉಸುರಿದಳು. ಮುಂದಿನ ಭಾಷಣಕಾರನನ್ನು ಕರೆದರು.

ಮರುವಾರ ಭದ್ರಮ್ಮ ಕಳೆ ಕೀಳಲು ಹೋದಾಗ ಹೊಲದ ಸುತ್ತ ಹೊಸ ಮುಳ್ಳುತಂತಿ ಬಿಗಿದಿತ್ತು.