ನೆಲದಿಂದ ಅಳೆದ ನೀರು

ನಲವತ್ತು ದಾಟಿದ ಮೇಲೆ ಭೂಗೋಳದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ ನಮ್ಮ ಎರ್ನಾಕುಲಂ ಶಾಖೆಯಲ್ಲಿ ಎಲ್ಲರೂ ನಕ್ಕರು. ಬ್ಯಾಂಕಿನವಳಿಗೆ ನದಿ ಬೆಟ್ಟದ ಉಸಾಬರಿ ಯಾಕೆ ಅಂತ. ಧಾರವಾಡದಿಂದ ವರ್ಗವಾಗಿ ಬಂದು ಆರು ವರ್ಷವಾಗಿತ್ತು. ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ನನ್ನದು ಅನ್ನುವಂಥದ್ದು ಏನಾದರೊಂದು ಬೇಕಿತ್ತು. ಹಟಕ್ಕೆ ಬಿದ್ದು ಸೇರಿದೆ. ಎರಡು ವಾರಕ್ಕೊಮ್ಮೆ ಶನಿವಾರ ನಸುಕಿನ ರೈಲು ಹತ್ತಿ ತಿರುವನಂತಪುರ, ಅಲ್ಲಿನ ಪಟ್ಟಂ ಕೇಂದ್ರದಲ್ಲಿ ತರಗತಿ, ಭಾನುವಾರ ವಾಪಸ್ಸು.

ಕೊನೆಯ ವರ್ಷದ ಪ್ರಬಂಧಕ್ಕೆ ಕೊಚ್ಚಿ ಹಿನ್ನೀರಿನಲ್ಲಿ ವಲ್ಲಾರ್ಪಾಡಂನಿಂದಾಚೆಯ ಒಂದು ಪುಟ್ಟ ದ್ವೀಪ ಆರಿಸಿಕೊಂಡೆ. ಅಲ್ಲಿ ಮಳೆ ಇಲ್ಲದಿದ್ದರೂ ಮನೆಯೊಳಗೆ ನೀರು ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರವಾದಂತೆ ಸಮುದ್ರ ಉಬ್ಬಿ, ಉಪ್ಪುನೀರು ಅಡುಗೆಮನೆಯಲ್ಲಿ ನಿಂತು, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅಲ್ಲಿಯವರು ಅದಕ್ಕೆ ವೇಲಿಯೇಟ್ಟಂ ಅನ್ನುತ್ತಾರೆ. ಹನ್ನೆರಡು ಮನೆಗಳಿಗೆ ಒಂದೊಂದು ದರ್ಜಿ ಟೇಪು, ಒಂದೊಂದು ಕ್ಯಾಲೆಂಡರ್ ಕೊಟ್ಟೆ. ನೀರು ಬಂದ ದಿನ ನೆಲದಿಂದ ಎಷ್ಟು ಎತ್ತರ ನಿಂತಿತು ಅಂತ ಅಳೆದು ಬರೆಯಬೇಕು, ಅಷ್ಟೇ. ಆ ಅಂಕಿಗಳನ್ನು ಸೇರಿಸಿ ದ್ವೀಪದ ನಕ್ಷೆ ಮಾಡುವುದು ನನ್ನ ಕೆಲಸ.

ಎಲ್ಲರಿಗಿಂತ ಶ್ರದ್ಧೆಯಿಂದ ಬರೆದವರು ಕೊನೆಯ ಮನೆಯ ಅಕ್ಕ, ಅಲ್ಲಿಯವರ ಬಾಯಲ್ಲಿ ಚೇಚಿ. ಮೀನು ಸಂಸ್ಕರಣೆ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಕೆಲಸ, ಗಂಡ ತೀರಿಕೊಂಡಿದ್ದರು. ಅವರಿಗೆ ಬೇಕಿದ್ದದ್ದು ಒಂದೇ: ಎತ್ತರದ ಅಡಿಪಾಯದ ಮನೆ ಕಟ್ಟಿಕೊಡುವ ಪಂಚಾಯಿತಿ ಪಟ್ಟಿಯಲ್ಲಿ ಹೆಸರು. ನೀರು ಬರುವುದಕ್ಕೆ ಪುರಾವೆ ತನ್ನಿ ಅಂತ ಅಲ್ಲಿ ಎರಡು ಸಲ ವಾಪಸ್ಸು ಕಳಿಸಿದ್ದರಂತೆ.

"ಟೀಚರೇ, ನಿಮ್ಮ ನಕ್ಷೆ ಕೊಟ್ಟರೆ ನಂಬ್ತಾರಾ?" ಅಂತ ಕೇಳಿದರು. ನಾನು ಟೀಚರ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಟೀಚರೇ.

"ಯೂನಿವರ್ಸಿಟಿ ಸೀಲ್ ಇರುತ್ತೆ. ನಂಬದೇ ಏನು ಮಾಡ್ತಾರೆ?" ಅಂದೆ. ಜಂಬದ ಮಾತು. ಆಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ನಾಲ್ಕು ತಿಂಗಳ ಲೆಕ್ಕ ಕೂಡಿಸಿದಾಗ ಹನ್ನೊಂದು ಮನೆಗಳಲ್ಲಿ ನೀರು ತಿಂಗಳಿಂದ ತಿಂಗಳಿಗೆ ಏರಿತ್ತು. ಚೇಚಿಯ ಮನೆಯಲ್ಲಿ ಮಾತ್ರ ಇಳಿಯುತ್ತಾ ಬಂದು ಕೊನೆಗೆ ಸೊನ್ನೆ. ಟೇಪು ತಿರುಗಾಮುರುಗಾ ಹಿಡಿದಿರಬೇಕು ಅಂತ ಗೊಣಗಿಕೊಂಡು ಭಾನುವಾರ ಹೋಗಿ ನೋಡಿದೆ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಬೇಕಾಯಿತು. ಮೊದಲು ಹಾಗಿರಲಿಲ್ಲ.

ಉಳಿದವರದು ಸಿಮೆಂಟಿನ ನೆಲ, ಹಾಗೇ ಇತ್ತು. ಇವರದು ಮಣ್ಣಿನದು. ಒಡೆದ ಇಟ್ಟಿಗೆ ಎಲ್ಲಿ ಸಿಕ್ಕರೂ ಬುಟ್ಟಿಯಲ್ಲಿ ಹೊತ್ತು ತಂದು ಹಾಸಿ, ಮೇಲೆ ಮಣ್ಣು ಬಡಿದು, ವಾರವಾರವೂ ನೆಲವನ್ನು ಎತ್ತರಿಸಿದ್ದರು. ಎತ್ತರಿಸಿದ ನೆಲದಿಂದಲೇ ಟೇಪು ಹಿಡಿದು, ನಾನು ಹೇಳಿಕೊಟ್ಟ ಹಾಗೇ, ಪ್ರಾಮಾಣಿಕವಾಗಿ ಅಳೆದಿದ್ದರು. ಯಾವ ವಾರ ಎಷ್ಟು ಎತ್ತರಿಸಿದಿರಿ ಅಂದರೆ ನೆನಪಿಲ್ಲ. ಹೇಗೆ ನೆನಪಿರುತ್ತೆ?

ಅಳತೆ ಯಾವಾಗಲೂ ಅಲುಗದ ಗುರುತಿನಿಂದ ಶುರುವಾಗಬೇಕು ಅನ್ನುವುದು ಮೊದಲ ಸೆಮಿಸ್ಟರಿನ ಮೊದಲ ಪಾಠ. ಗೋಡೆಗೆ ಒಂದು ಮೊಳೆ ಹೊಡೆದಿದ್ದರೆ ಸಾಕಿತ್ತು. ಪರೀಕ್ಷೆಯಲ್ಲಿ ಅದನ್ನೇ ಎರಡು ಪುಟ ಬರೆದು ಒಳ್ಳೆಯ ಅಂಕ ತಗೊಂಡವಳು ನಾನು.

ಪಟ್ಟಂನಲ್ಲಿ ಮಾರ್ಗದರ್ಶಕರು ಸಮಾಧಾನದಿಂದಲೇ ಹೇಳಿದರು: "ಆ ಮನೆ ಬಿಟ್ಟುಬಿಡಿ. ಅನುಮಾನದ ಅಂಕಿ ಒಂದು ಸೇರಿದರೆ ಉಳಿದ ಹನ್ನೊಂದನ್ನೂ ಯಾರೂ ನಂಬಲ್ಲ." ಮತ್ತೆ ಅಳೆಯೋಣವೆಂದರೆ ದೊಡ್ಡ ಉಬ್ಬರದ ತಿಂಗಳುಗಳು ಮುಗಿದಿದ್ದವು, ಸಲ್ಲಿಸಲು ಹತ್ತು ದಿನ ಉಳಿದಿತ್ತು. ಅವರು ಹೇಳಿದ್ದು ಸರಿ ಅನ್ನುವುದಕ್ಕೇ ನನಗೆ ಅವರ ಮೇಲೆ ಸಿಟ್ಟು. ಕಾರಣವನ್ನು ಅಡಿಟಿಪ್ಪಣಿಯಲ್ಲಿ ಬರೆದು ಆ ಮನೆಯನ್ನು ನಕ್ಷೆಯಿಂದ ತೆಗೆದೆ. ಅಳಿಸಲು ಒಂದು ಕ್ಲಿಕ್ ಸಾಕಾಯಿತು. ಪ್ರಥಮ ದರ್ಜೆ ಬಂತು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಬಸ್ಸು ಹತ್ತಿ ಹೋದೆ. ಪಂಚಾಯಿತಿಗೆ ಕೊಡಲು, ಈ ಮನೆಗೂ ನೀರು ಬರುತ್ತದೆ ಅಂತ ಬೇರೆ ಪತ್ರವನ್ನೂ ಬರೆದುಕೊಂಡು ಹೋಗಿದ್ದೆ, ನನ್ನ ಸಹಿ ಮಾತ್ರ ಹಾಕಿ. ಸೀಲು ಕೊಡಲು ವಿಭಾಗದಲ್ಲಿ ಒಪ್ಪಿರಲಿಲ್ಲ. ಚೇಚಿ ಕೈ ಒರೆಸಿಕೊಂಡು ನಕ್ಷೆ ಬಿಡಿಸಿ, ಕಾಲುವೆಯ ಗೆರೆಗುಂಟ ಬೆರಳಾಡಿಸುತ್ತಾ ಪಕ್ಕದ ಮನೆಯವರೆಗೆ ಬಂದು ನಿಂತರು. ನಾನು ನನ್ನ ಹರಕು ಮಲಯಾಳದಲ್ಲಿ ಎಲ್ಲಾ ಹೇಳಿದೆ. ತಪ್ಪು ನಂದು, ನಿಮ್ಮದಲ್ಲ ಅಂತ ಎರಡೆರಡು ಸಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಕ್ಷೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು: "ಹಾಗಾದರೆ ಟೀಚರೇ, ನಾನು ಇಟ್ಟಿಗೆ ಹೊರದೆ ನೀರಲ್ಲೇ ಕೂತಿದ್ದರೆ ಇದರಲ್ಲಿ ನನ್ನ ಮನೆ ಇರ್ತಿತ್ತಾ?"

ಇರ್ತಿತ್ತು ಅಂದೆ.