ಬೆಕ್ಕುಗಳಿಗೂ ಸೋಮವಾರ

ನನ್ನ ಹೆಂಡತಿ ತೀರಿಕೊಂಡ ಮೇಲೆ ಓಣಿಯವರು ಮಾತಾಡಿಸಲು ಬಂದಾಗಲೆಲ್ಲ ಬೆಕ್ಕಿನ ಸುದ್ದಿ ಬರುತ್ತದೆ. ಅವಳ ಬಗ್ಗೆ ಅಳದೆ ಮಾತಾಡಲು ನನಗೆ ಸಾಧ್ಯವಾಗುವುದು ಅದೊಂದರಲ್ಲೇ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿ. ನಾನು ಬೈಕಂಪಾಡಿಯ ಒಂದು ವರ್ಕ್‌ಶಾಪಿಗೆ ಹೋಗುತ್ತಿದ್ದೆ, ಅವಳು ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಳು. ಉಳಿದ ತಲೆ, ಕರುಳು ಎಲ್ಲ ಓಣಿಯ ಬೆಕ್ಕುಗಳಿಗೆ. ಯಾರ ಮನೆಯವೂ ಅಲ್ಲದ ಅವು ಅವಳ ಬುಟ್ಟಿ ಕಂಡರೆ ಗೋಡೆ ಇಳಿದು ಬರುತ್ತಿದ್ದವು. ಮರಿಗಳು ಹೆಚ್ಚಿದವು. ಓಣಿ ಶುರುವಾಗುವಲ್ಲಿ ಹೋಟೆಲು ನಡೆಸುತ್ತಿದ್ದ ಧಣಿಗಳ ಸೌದೆ ಕೋಣೆಯಲ್ಲಿ, ಅಕ್ಕಿ ಮುಡಿಯ ಮರೆಯಲ್ಲಿ, ಎಲ್ಲೆಂದರಲ್ಲಿ ಹೆರಿಗೆ.

ಒಂದು ದಿನ ಧಣಿ ನಮ್ಮ ಬಾಗಿಲಿಗೇ ಬಂದರು. "ನೋಡು ಮಾರಾಯ್ತಿ, ಇನ್ನೊಂದು ಸಲ ಮರಿ ಹಾಕಿದರೆ ಎಲ್ಲವನ್ನೂ ಗೋಣಿಗೆ ತುಂಬಿಸಿ ಹೊಳೆಯಾಚೆ ಬಿಡಿಸ್ತೇನೆ."

"ಮರಿ ಹಾಕದಿದ್ದರೆ?" ಎಂದಳು.

"ಹಾಕದಿದ್ದರೆ ನನಗೆಂತ? ಇಲಿ ಹಿಡಿದುಕೊಂಡು ಇರಲಿ."

ಹಾಗೆ ಬಿಟ್ಟ ಬೆಕ್ಕುಗಳು ಅಲ್ಲಿಯ ನಾಯಿಗಳ ಬಾಯಿಗೆ ಹೋಗುತ್ತವೆಂದು ಅವಳಿಗೆ ಗೊತ್ತಿತ್ತು. ಮರುದಿನವೇ ದನದ ಡಾಕ್ಟರ ಹತ್ತಿರ ಹೋದಳು. ಗಂಡಿಗೆ ಸುಲಭ, ಹೆಣ್ಣಿಗೆ ಹೊಟ್ಟೆ ಕೊಯ್ಯಬೇಕು, ಆದರೂ ಮಾಡಿಕೊಡುತ್ತೇನೆ ಎಂದರು. ಒಂದೇ ಷರತ್ತು: ಹಿಂದಿನ ಸಂಜೆಯಿಂದ ಬೆಕ್ಕಿನ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಮಂಪರಿನಲ್ಲಿ ವಾಂತಿಯಾಗಿ ಉಸಿರು ಕಟ್ಟಬಹುದು.

"ನಮ್ಮದಾಯಿತು, ಈಗ ಬೆಕ್ಕಿಗೂ ಫ್ಯಾಮಿಲಿ ಪ್ಲಾನಿಂಗಾ?" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕರು.

"ನಿಮಗಿಂತ ಅವಕ್ಕೇ ಬೇಗ ಬುದ್ಧಿ ಬಂತು," ಎಂದಳು ಇವಳು.

ಮೊದಲು ಹಿಡಿದದ್ದು ಒಂದು ಪಟ್ಟೆ ಹೆಣ್ಣನ್ನು. ಕೋಳಿಗೂಡಿನಲ್ಲಿ ಹಾಕಿ ಜಗಲಿಯಲ್ಲಿಟ್ಟೆವು. ಬೆಳಿಗ್ಗೆ ಆಸ್ಪತ್ರೆಗೆ ಒಯ್ದು ನೋಡಿದರೆ ಗೂಡಿನ ತುಂಬ ಮೀನಿನ ಮುಳ್ಳು. ಡಾಕ್ಟರು ವಾಪಸು ಕಳಿಸಿದರು.

ನಮ್ಮ ಕಡೆ ಮೀನು ಕೊಯ್ಯುವವರು ಎದುರು ಕೂತ ಬೆಕ್ಕಿಗೆ ಒಂದು ತುಂಡು ಎಸೆಯದೆ ಏಳುವುದಿಲ್ಲ. ನನ್ನ ಅಮ್ಮ ಹಾಕಿದ್ದರು, ಪಕ್ಕದ ಮನೆಯವರು ಹಾಕಿದ್ದರು. ಬೇಡವೆಂದರೆ ಹೂಂ ಎನ್ನುತ್ತಿದ್ದರು, ಕೈ ಕೇಳುತ್ತಿರಲಿಲ್ಲ. ಮುಂದಿನ ಸಲ ಗೂಡನ್ನು ಒಳಕೋಣೆಯಲ್ಲಿಟ್ಟೆವು. ಮೀನಿನ ವಾಸನೆಗೆ ಅದು ಕೂಗಿದ ಕೂಗಿಗೆ ಅಮ್ಮ ಮತ್ತೆ ಸೋತರು. ಅಷ್ಟರಲ್ಲಿ ಗಂಡುಬೆಕ್ಕುಗಳು ಹೆಂಚಿನ ಮಾಡಿನ ಮೇಲೆ ಜಗಳ ಶುರುಮಾಡಿದ್ದವು. ತಡಮಾಡಿದರೆ ಮತ್ತೆ ಮರಿ, ಮತ್ತೆ ಗೋಣಿ.

ನಾನು ಅಮ್ಮನ ಮೇಲೆ ರೇಗಿದೆ. ಅವಳು ರೇಗಲಿಲ್ಲ.

"ಅತ್ತೆ, ಸೋಮವಾರ ಈ ಓಣಿಯಲ್ಲಿ ಮೀನು ಕೊಯ್ಯುವವರು ಯಾರಿದ್ದಾರೆ?"

"ಸೋಮವಾರ ಎಂತದ್ದು ಮೀನು? ಶಿವನ ವಾರ ಅಲ್ವಾ!"

"ಹಾಗಾದರೆ ಅದಕ್ಕೂ ಸೋಮವಾರ."

ಅಲ್ಲಿಂದ ಎಲ್ಲ ಸಲೀಸಾಯಿತು. ಸೋಮವಾರ ಬೆಕ್ಕು ಹಿಡಿಯುವುದು, ಮಂಗಳವಾರ ಆಸ್ಪತ್ರೆ. ಕಾವಲಿಗೆ ಅಮ್ಮನೇ. ಯಾರಾದರೂ ಗೂಡಿನ ಹತ್ತಿರ ಅನ್ನ ತಂದರೆ, "ಅದು ವ್ರತದಲ್ಲುಂಟು, ಮುರಿಯಬೇಡಿ," ಎಂದು ಗದರುತ್ತಿದ್ದರು. ನಗಲಿಕ್ಕಲ್ಲ, ನಿಜವಾಗಿಯೇ ಹಾಗೆ ನಂಬಿದ್ದರು. ವಾರ ವಾರವೂ ಒಂದೊಂದು ಬೆಕ್ಕು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಬಂತು. ಗಾಯ ಒಣಗುವವರೆಗೆ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮಲಗಿತು.

ಬೇಸಿಗೆ ಕಳೆದರೂ ಮರಿಯ ಸದ್ದಿಲ್ಲ. ಇವಳು ಹೋಟೆಲಿನ ಮುಂದೆ ಹೋಗುವಾಗ ಧಣಿಗಳನ್ನು ಕೇಳಿದಳು, "ಗೋಣಿ ತೆಗೆದಿಟ್ಟಿದ್ದೀರಾ?"

"ಅದರಲ್ಲಿ ನೀರುಳ್ಳಿ ತುಂಬಿಸಿ ಆಯಿತು, ನೀನು ಹೋಗು," ಎಂದರು ಧಣಿ.

ಆ ಬೆಕ್ಕುಗಳು ಓಣಿಯಲ್ಲೇ ಮುದಿಯಾದವು. ಹಲ್ಲುದುರಿದವಕ್ಕೆ ಅವಳು ಬೇಯಿಸಿದ ಬೂತಾಯಿ ಮೀನಿನ ಮುಳ್ಳು ಬಿಡಿಸಿ ಹಾಕುತ್ತಿದ್ದಳು. ಅವಳಿಗೆ ಮಾತ್ರ ಮುದಿಯಾಗುವಷ್ಟು ಕಾಲ ಸಿಗಲಿಲ್ಲ. ಈಗ ಉಳಿದಿರುವ ಒಂದೆರಡು ಮುದಿ ಬೆಕ್ಕುಗಳಿಗೆ ಮುಳ್ಳು ಬಿಡಿಸುವ ಕೆಲಸ ನನ್ನದು. ನನ್ನ ಕೈ ನಿಧಾನ. ಅವು ಕಾಯುತ್ತವೆ.