ಇಟಲಿ ಕಾರಿನ ಪಕ್ಕದ ಸೀಟು

ಡ್ರೈವರಣ್ಣನ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದ್ದನ್ನು ನೆರೆಹೊರೆಯವರು ಕೇಳಿದ್ದೇ ಇಲ್ಲ. ಎಂಥ ಅನ್ಯೋನ್ಯ ದಂಪತಿ ಎಂದು ಹೊಗಳುವವರು ಒಂದು ಸಂಗತಿ ಮರೆಯುತ್ತಿದ್ದರು: ಜಗಳವಾಡಬೇಕಾದರೂ ಇಬ್ಬರೂ ಒಂದೇ ಹೊತ್ತಿಗೆ ಮನೆಯಲ್ಲಿ ಎಚ್ಚರವಾಗಿರಬೇಕಲ್ಲ? ಅವನು ಸಿಟಿ ಬಸ್ಸಿನ ಡ್ರೈವರ್, ಬೆಳಗಿನ ಐದಕ್ಕೆ ಡಿಪೋದಲ್ಲಿ ಹಾಜರಿ. ಅವಳು ದೊಡ್ಡದೊಂದು ಲಾಂಡ್ರಿಯ ಇಸ್ತ್ರಿ ವಿಭಾಗದಲ್ಲಿ ಎರಡನೇ ಪಾಳಿಯವಳು. ಅವನು ಮಧ್ಯಾಹ್ನ ಮನೆಗೆ ಬಂದರೆ ಅವಳಿಲ್ಲ. ಅವಳು ಬರುವ ಹೊತ್ತಿಗೆ ಅವನ ಗೊರಕೆ ಶುರು. ವಾರದ ರಜೆಯಾದರೂ ಕೂಡಿಬರಬೇಕಿತ್ತು. ಅವನಿಗೆ ಬುಧವಾರ, ಅವಳಿಗೆ ಭಾನುವಾರ.

ಹಾಗಾಗಿ ಇವರ ಸಂಸಾರ ನಡೆದದ್ದು ಚೀಟಿಗಳ ಮೇಲೆ. ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿಸಿದ ಚೀಟಿಗಳು. ‘ಗ್ಯಾಸ್ ಮುಗೀತು.’ ‘ನಿಮ್ಮ ತಂಗಿ ಫೋನ್ ಮಾಡಿದ್ಲು.’ ‘ಹಾಲು ಒಡೆದಿದೆ, ಚೆಲ್ಲಬೇಡಿ.’ ಇಪ್ಪತ್ತಾರು ವರ್ಷ ಹೀಗೇ ಹೋಯಿತು. ಮಕ್ಕಳಾಗಲಿಲ್ಲ. ಅದಕ್ಕೆ ಕಾರಣ ಹುಡುಕಲು ಡಾಕ್ಟರ ಹತ್ತಿರ ಹೋಗಬೇಕಿಲ್ಲ, ಪಾಳಿಯ ಪಟ್ಟಿ ನೋಡಿದರೆ ಸಾಕು ಎಂದು ಡಿಪೋದ ಗೆಳೆಯರು ತಮಾಷೆ ಮಾಡುತ್ತಿದ್ದರು. ಡ್ರೈವರಣ್ಣ ನಗುತ್ತಿದ್ದ. ಒಳಗೆ ಚುಚ್ಚುತ್ತಿತ್ತು.

ಇಬ್ಬರೂ ಒಂದೇ ವರ್ಷ ಕೆಲಸದಿಂದ ನಿವೃತ್ತರಾದರು. ಇನ್ನು ಮಾತೇ ಮಾತು ಎಂದು ಅವನು ಕಾದದ್ದೇ ಬಂತು. ಎದುರುಬದುರು ಕೂತರೂ ಬಾಯಿಗೆ ಬರುತ್ತಿದ್ದುದು ಚೀಟಿಯಷ್ಟುದ್ದದ ಮಾತೇ. “ಗ್ಯಾಸ್ ಮುಗೀತು ಕಣ್ರೀ” ಎನ್ನುತ್ತಿದ್ದಳು ಅವಳು. “ತರ್ತೀನಿ” ಎನ್ನುತ್ತಿದ್ದ ಇವನು. ಆಮೇಲೆ ಅವಳು ಟೀವಿಯ ಕಡೆಗೆ, ಇವನು ಗೋಡೆಯ ಕಡೆಗೆ. ಮಾತು ಬೇಕು ಎನ್ನುವುದು ಇಬ್ಬರ ಮುಖದಲ್ಲೂ ಇತ್ತು. ಎಲ್ಲಿಂದ ಶುರುಮಾಡಬೇಕೆಂಬುದೇ ಮರೆತುಹೋಗಿತ್ತು.

ಆಗ ಅವನಿಗೆ ಆ ಕಾರು ನೆನಪಾಯಿತು. ಮದುವೆ ಗೊತ್ತಾದ ಹೊಸದರಲ್ಲಿ ಇಬ್ಬರೂ ನಡೆದು ಹೋಗುವಾಗ, ಷೋರೂಮಿನ ಗಾಜಿನ ಹಿಂದೆ ಪುಟ್ಟದೊಂದು ಇಟಲಿಯ ಕಾರು ನಿಂತಿತ್ತು. ಹಿಂಭಾಗ ಕತ್ತರಿಸಿದಂತೆ ಮೊಟಕು, ಅಕ್ಕಪಕ್ಕಕ್ಕೆ ಎರಡೇ ಬಾಗಿಲು, ಹಿಂದೆ ಮೇಲಕ್ಕೆತ್ತುವ ಇನ್ನೊಂದು. ಅವಳು ಗಾಜಿಗೆ ಮೂಗು ಒತ್ತಿ ನೋಡಿ, “ಇದರಲ್ಲಿ ಕೂತ್ರೆ ಪಿಸುಮಾತೂ ಕೇಳ್ಸುತ್ತೆ ಅಲ್ವಾ?” ಎಂದಿದ್ದಳು. ಅಷ್ಟು ನಾಚಿಕೆ ಬಿಟ್ಟು ಅವಳು ಮಾತಾಡಿದ್ದು ಅದೇ ಮೊದಲು. ಅವನು ಅದನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

ಅಂಥದ್ದೇ ಕಾರು, ಇಪ್ಪತ್ತೆರಡು ವರ್ಷದ್ದು, ಮಾಸಿದ ನೀಲಿ ಬಣ್ಣದ್ದು, ಚಿತ್ರಕಲೆಯ ಟೀಚರಮ್ಮನೊಬ್ಬರ ಮನೆ ಮುಂದೆ ಮಾರಾಟದ ಬೋರ್ಡು ಹೊತ್ತು ನಿಂತಿತ್ತು. ಡ್ರೈವರಣ್ಣ ಹೋದವನೇ ಅಭ್ಯಾಸಬಲದಿಂದ ನಾಲ್ಕೂ ಚಕ್ರಗಳನ್ನು ಒದ್ದು ನೋಡಿದ. ಟೀಚರಮ್ಮ ಮುಖ ಸಿಂಡರಿಸಿದರು.

“ಮೆಲ್ಲಗೆ ಕಣಪ್ಪ, ಅದು ಬಸ್ಸಲ್ಲ. ಹಿಂದಿನ ಬಾಗಿಲು ಒಂದೇಟು ಕೊಟ್ರೇನೇ ತೆಗೆಯೋದು. ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತೆ, ನಂಬಬೇಡ. ಮಿಕ್ಕಿದ್ದೆಲ್ಲ ಚಿನ್ನ. ನನ್ನ ಕಣ್ಣು ಮಂಜಾಗದಿದ್ರೆ ಇದನ್ನ ಪ್ರಾಣ ಹೋದ್ರೂ ಕೊಡ್ತಿರ್ಲಿಲ್ಲ.”

ಕೀ ಕೊಡುವಾಗ ಆಕೆ ಎರಡು ಸಲ ಕೈ ಹಿಂದಕ್ಕೆ ಎಳೆದುಕೊಂಡರು. ಬೀದಿಯ ಮೆಕ್ಯಾನಿಕ್, ಜನ ಅವನನ್ನು ‘ಗಾಡಿ ಡಾಕ್ಟರು’ ಅನ್ನುತ್ತಿದ್ದರು, ಬಾನೆಟ್ ಎತ್ತಿ ನೋಡಿ ತಲೆ ಚಚ್ಚಿಕೊಂಡ.

“ಅಣ್ಣಾ, ಇದರ ಒಂದು ಸ್ಕ್ರೂ ಬಿದ್ದುಹೋದ್ರೂ ಹುಡುಕ್ಕೊಂಡು ಊರೂರು ಅಲೀಬೇಕು. ಯಾಕೆ ತಲೆನೋವು ತಂದ್ಕೊಂಡ್ರಿ?”

“ನಿಂಗೆ ಗೊತ್ತಾಗಲ್ಲ ಸುಮ್ನಿರು” ಎಂದ ಡ್ರೈವರಣ್ಣ. ಪಕ್ಕದ ಸೀಟು ಹರಿದಿತ್ತು. ಎಲ್ಲಕ್ಕಿಂತ ಮೊದಲು ಅದನ್ನು ಬಿಚ್ಚಿಸಿ, ಹೊಸ ಸ್ಪಂಜು ತುಂಬಿಸಿ, ಬಟ್ಟೆ ಹೊಲಿಸಿದ.

ಮೊದಲ ವಾರ ನಗೆಪಾಟಲಾಯಿತು. ಕಾಲು ಬಸ್ಸಿನದು, ಕಾರು ಇಟಲಿಯದು. ತಿರುವಿನಲ್ಲಿ ಅರ್ಧ ರಸ್ತೆ ಬಳಸಿ ತಿರುಗಿಸುತ್ತಿದ್ದ. ಬಸ್ ಸ್ಟಾಪು ಕಂಡರೆ ಸಾಕು, ಬ್ರೇಕು ತಾನಾಗಿ ಬೀಳುತ್ತಿತ್ತು. ಒಮ್ಮೆ ಮುದುಕರೊಬ್ಬರು ಕಿಟಕಿಗೆ ಬಗ್ಗಿ, “ಮಾರ್ಕೆಟ್ಟಿಗೆ ಹೋಗುತ್ತಾ?” ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಗುವುದನ್ನು ಅವನು ಎಷ್ಟು ವರ್ಷದಿಂದ ಕಂಡಿರಲಿಲ್ಲ! ಮುದುಕರನ್ನು ಹತ್ತಿಸಿಕೊಂಡು ಮಾರ್ಕೆಟ್ಟಿಗೆ ಬಿಟ್ಟೇ ಬಂದ.

ಪ್ರತಿ ಭಾನುವಾರ ಬೆಳಿಗ್ಗೆ ನದಿ ದಂಡೆಯ ರಸ್ತೆಯಲ್ಲಿ ಹೋಗಿಬರುವುದು ರೂಢಿಯಾಯಿತು. ಮೊದಲೆರಡು ಭಾನುವಾರ ಅವಳು ಸುಮ್ಮನೆ ಕೂತಿದ್ದಳು. ಮೂರನೆಯ ಭಾನುವಾರ ಕಿಟಕಿಯಾಚೆ ನೋಡುತ್ತ, ತನ್ನಷ್ಟಕ್ಕೆ ತಾನೇ ಅನ್ನುವಂತೆ, ಮಾತು ಶುರುಮಾಡಿದಳು. ಡ್ರೈವರಣ್ಣ ಕಿವಿ ನಿಮಿರಿಸಿದ. ಏನೂ ಕೇಳಿಸಲಿಲ್ಲ.

ಕೇಳಿಸುವುದಾದರೂ ಹೇಗೆ? ಅವನು ಓಡಿಸಿದ್ದು ಹಳೇ ಕಾಲದ ಬಸ್ಸು. ಅದರ ಇಂಜಿನ್ ಡ್ರೈವರನ ಮಗ್ಗುಲಲ್ಲೇ, ತಗಡಿನ ಮುಚ್ಚಳದ ಕೆಳಗೆ ದಿನವಿಡೀ ಅಬ್ಬರಿಸುತ್ತಿತ್ತು. ಇಂಜಿನ್ ಕಡೆಯ ಕಿವಿ ಎಂದೋ ಹೋಗಿತ್ತು. ಡಿಪೋದಲ್ಲಿ ಹಳಬರದ್ದೆಲ್ಲ ಅದೇ ಕಥೆ. ಕ್ಯಾಂಟೀನಿನಲ್ಲಿ ಯಾರಾದರೂ ಕೂಗಿದರೆ ಹತ್ತು ಜನ ಡ್ರೈವರುಗಳು ಒಂದೇ ದಿಕ್ಕಿಗೆ ಕತ್ತು ತಿರುಗಿಸಿ ಇನ್ನೊಂದು ಕಿವಿ ಕೊಡುತ್ತಿದ್ದರು. ಹೊರಗೆ ಗೊತ್ತಾದರೆ ಕೆಲಸಕ್ಕೆ ಸಂಚಕಾರವೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಡ್ರೈವರಣ್ಣ ಹೆಂಡತಿಗೂ ಹೇಳಿರಲಿಲ್ಲ. ಮನೆಯಲ್ಲಿ ಒಳ್ಳೆಯ ಕಿವಿ ಅವಳ ಕಡೆಗಿರುವಂತೆ ಯಾವಾಗಲೂ ಮೇಜಿನ ಒಂದೇ ತುದಿಯಲ್ಲಿ ಕೂತು ನಿಭಾಯಿಸುತ್ತಿದ್ದ. ಕಾರಿನಲ್ಲಿ ಪಕ್ಕದ ಸೀಟು ಸತ್ತ ಕಿವಿಯ ಕಡೆಗೇ ಬರುತ್ತದೆ, ಒಳ್ಳೆಯ ಕಿವಿಗೆ ಕಿಟಕಿಯ ಗಾಳಿಯೇ ತುಂಬುತ್ತದೆ ಎಂಬುದು ಮಾತ್ರ ಈ ಮಹಾರಾಯನಿಗೆ ಹೊಳೆಯಲೇ ಇಲ್ಲ. ಜೀವಮಾನವಿಡೀ ಆ ಜಾಗದಲ್ಲಿ ಇಂಜಿನ್ ನೋಡಿದವನಿಗೆ ಅಲ್ಲಿ ಮನುಷ್ಯರು ಕೂರುತ್ತಾರೆಂಬ ಯೋಚನೆಯಾದರೂ ಹೇಗೆ ಬರಬೇಕು?

ಹೇಳಿಬಿಡಬಹುದಿತ್ತು. ಆದರೆ ಅವಳ ತುಟಿ ಅಲುಗುತ್ತಿತ್ತು, ಕೈ ಏನೋ ಬಣ್ಣಿಸುತ್ತಿತ್ತು, ಮುಖ ಹಗುರಾಗಿತ್ತು. ತಡೆದು ‘ಕೇಳ್ಸಲಿಲ್ಲ, ಜೋರಾಗಿ ಹೇಳು’ ಎಂದರೆ ಆ ಮಾತು ಅಲ್ಲಿಗೇ ನಿಂತುಹೋದೀತು, ಮತ್ತೆ ಗ್ಯಾಸು, ಹಾಲು ಎಂದು ಶುರುವಾದೀತು ಎಂದು ಹೆದರಿದ. “ಹೂಂ” ಎಂದ. ಸ್ವಲ್ಪ ಹೊತ್ತು ಬಿಟ್ಟು “ಹೌದಾ?” ಎಂದ. ಐದು ಭಾನುವಾರ ಹೂಂಗುಟ್ಟಿದ. ಒಂದು ಮೊಳ ದೂರದಲ್ಲಿ ಅವಳ ಇಡೀ ಜೀವನ ಹರಿದುಹೋಗುತ್ತಿತ್ತು. ಒಂದು ಹನಿಯೂ ಇವನ ಪಾಲಿಗಿರಲಿಲ್ಲ. ಕೆಲಸದಲ್ಲಿದ್ದಾಗಲೂ ಅವಳಿಗಾಗಿ ಅವನು ಇಷ್ಟು ಹಂಬಲಿಸಿರಲಿಲ್ಲ.

ಎಂಟನೆಯ ಭಾನುವಾರ ಅವಳು ಏನೋ ಹೇಳುತ್ತ ಮೆಲ್ಲಗೆ ನಕ್ಕಳು. ಲಾಂಡ್ರಿಯ ಗೆಳತಿಯರ ಯಾವುದೋ ತಮಾಷೆ ಇರಬೇಕೆಂದುಕೊಂಡ ಡ್ರೈವರಣ್ಣ, ಈ ಸಲವಾದರೂ ಸರಿಯಾಗಿ ಜೊತೆ ಕೊಡೋಣವೆಂದು ಗಟ್ಟಿಯಾಗಿ ನಕ್ಕ. ನಗು ಮುಗಿಸಿ ತಿರುಗಿದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಬಾಯಿ ಮುಚ್ಚಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಅವನು ಕಾರನ್ನು ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದ. ಪೂರ್ತಿ ಅವಳ ಕಡೆ ತಿರುಗಿ ಕೂತ.

“ನಂಗೆ ಈ ಕಡೆ ಕಿವಿ ಕೇಳಲ್ಲ ಕಣೇ. ಹದಿನೈದು ವರ್ಷ ಆಯ್ತು.”

“ಮತ್ತೆ ಇಷ್ಟು ದಿನ ಹೂಂ ಅಂತಿದ್ರಿ?”

“ಏನೂ ಕೇಳಿಲ್ಲ. ಒಂದು ಮಾತೂ ಕೇಳಿಲ್ಲ. ನೀನು ನಿಲ್ಲಿಸಿಬಿಟ್ರೆ ಅಂತ ಭಯ ಆಯ್ತು.”

ಅವಳು ಅವನನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡ, ಬೈದಿದ್ದರೆ ವಾಸಿ ಇತ್ತು. ಅವಳು ಬಾಗಿಲು ತೆಗೆದು ಇಳಿದಳು. ನಡೆದೇ ಮನೆಗೆ ಹೊರಟಳೆಂದು ಅವನೂ ಬಾಗಿಲಿನ ಹಿಡಿಗೆ ಕೈ ಹಾಕಿದ. ಅವಳು ತಾನು ಕೂತಿದ್ದ ಸೀಟನ್ನೇ ಮುಂದಕ್ಕೆ ಮಡಚಿ, ನೋಯುವ ಮಂಡಿಯನ್ನು ಕೈಯಲ್ಲಿ ಎತ್ತಿ ಒಳಗಿಟ್ಟು, ಏದುಸಿರು ಬಿಡುತ್ತ ಹಿಂದಿನ ಸೀಟಿಗೆ ನುಸುಳಿದಳು. ಅಲ್ಲಿಂದ ಜರುಗಿ ಜರುಗಿ ಅವನ ಬೆನ್ನ ಹಿಂದೆ ಬಂದಳು. ಕಿಟಕಿಯ ಪಕ್ಕಕ್ಕೆ ಬಾಗಿ ಅವನ ಒಳ್ಳೆಯ ಕಿವಿಯ ಹತ್ತಿರ ಮುಖ ತಂದಳು.

“ಈಗ ಕೇಳ್ಸುತ್ತಾ?”

“ಕೇಳ್ಸುತ್ತೆ.”

“ಆಗ್ಲೇ ಹೇಳಿದ್ದು ಇದನ್ನೇ. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ನಿಮ್ಮ ಬಸ್ಸು ನಮ್ಮ ಲಾಂಡ್ರಿ ಕೆಳಗೆ ಹಾದುಹೋಗ್ತಿತ್ತು. ದಿನಾ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಮೂರನೇ ಮಹಡಿ ಕಿಟಕಿಗೆ ಬರ್ತಿದ್ದೆ. ನಿಮ್ಮ ಮುಖ ಕಾಣ್ತಿರ್ಲಿಲ್ಲ. ಸ್ಟೇರಿಂಗ್ ಮೇಲಿನ ಕೈ ಮಾತ್ರ ಕಾಣ್ತಿತ್ತು. ಇವತ್ತಾದ್ರೂ ತಲೆ ಎತ್ತಿ ನೋಡ್ತಾರೇನೋ ಅಂತ ನಿಲ್ತಿದ್ದೆ. ಒಂದಿನ, ಬುಧವಾರ ಅಲ್ಲ, ಆದ್ರೂ ಸ್ಟೇರಿಂಗ್ ಮೇಲೆ ಬೇರೆ ಯಾರದೋ ಕೈ ಇತ್ತು. ಡ್ಯೂಟಿಗೆ ಹೋದ ನಿಮಗೆ ಅಲ್ಲೇ ಜ್ವರ ಬಂತು ಅಂತ ಗೊತ್ತಾಗಿದ್ದೇ ಹಾಗೆ. ಅವತ್ತು ಒಂದು ಕೋಟು ಸುಟ್ಟುಬಿಟ್ಟೆ.”

ಡ್ರೈವರಣ್ಣ ಆ ಕಟ್ಟಡದ ಮುಂದೆ ಎಷ್ಟು ಸಾವಿರ ಸಲ ಹಾದುಹೋಗಿದ್ದ! ಅದರ ಕೆಳಗಿನ ಸಿಗ್ನಲ್ಲು ಗೊತ್ತು, ಚರಂಡಿಯ ಮುಚ್ಚಳ ಗೊತ್ತು, ಎಲ್ಲಿ ಗುಂಡಿ ಇದೆಯೆಂಬುದೂ ಗೊತ್ತು. ಮೂರನೇ ಮಹಡಿಯ ಕಿಟಕಿ ಹೇಗಿದೆಯೆಂದು ಗೊತ್ತಿರಲಿಲ್ಲ.

“ಡ್ರೈವರ್ ಆದೋನು ಮೇಲೆ ನೋಡಬಾರದು ಕಣೇ” ಎಂದ. ಆ ಮಾತು ಅವನಿಗೇ ಸಾಲದಾಯಿತು.

“ಗೊತ್ತು. ಅದಕ್ಕೇ ಕೂಗ್ಲಿಲ್ಲ” ಎಂದಳು ಅವಳು.

ಅವನು ಕೈ ಎತ್ತಿ, ಹಿಂದಿನ ರಸ್ತೆ ತೋರಿಸಲೆಂದೇ ಇಟ್ಟಿರುವ ಕನ್ನಡಿಯನ್ನು ಅವಳ ಮುಖ ಪೂರ್ತಿ ಕಾಣುವ ತನಕ ತಿರುಗಿಸಿ, “ಇನ್ನೂ ಹೇಳು” ಎಂದ.